ಖಾಲಿ ಬಿಟ್ಟ ಮೊದಲ ಮನೆ

"ಅದ್ರೊಳಗೆ ಹಾಕ್ಬೇಡಿ ಮೇಡಂ. ಅದು ಗಣಪಂದು."

ನೆಲಕ್ಕೆ ಉರುಳಿದ್ದ ಸ್ಕ್ರೂ ಎತ್ತಿ ಡಬ್ಬಿಗೆ ಹಾಕಹೊರಟಿದ್ದ ರಾಗಿಣಿಯ ಕೈ ಅಲ್ಲೇ ನಿಂತಿತು. ಸ್ಕ್ರೂ, ಸ್ಪ್ರಿಂಗು, ಫ್ಯೂಸು ಎಂದು ಸಾಲು ಸಾಲು ಗೂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿ ಅದು. ಎಲ್ಲ ಗೂಡುಗಳೂ ತುಂಬಿ ತುಳುಕುತ್ತಿದ್ದವು. ಎಡಗಡೆಯ ಮೊದಲನೆಯದು ಮಾತ್ರ ಖಾಲಿ.

"ಗಣಪಂಗೆ ಸ್ಕ್ರೂ ಡಬ್ಬೀಲಿ ಏನ್ ಸಾರ್ ಕೆಲಸ?"

"ಏನೂ ಇಲ್ಲ, ಸುಮ್ನೆ ಕೂತಿರ್ತಾನೆ." ಸಂಪತ್ ಬಿಚ್ಚಿದ ತಕ್ಕಡಿಯಿಂದ ತಲೆ ಎತ್ತಲಿಲ್ಲ. "ಕಾಗದದ ಮೇಲೆ ಮೊದಲು ಶ್ರೀಕಾರ ಹಾಕ್ತೀವಲ್ಲ, ಹಂಗೆ. ನಮ್ಮಮ್ಮ ಕಲಿಸಿದ್ದು. ಮನೇಲಿ ಸಾಸಿವೆ ಡಬ್ಬೀಲೂ ಹಿಂಗೇ. ನನ್ನ ಹೆಂಡ್ತಿ ಇದ್ದಾಗ ಬೈಯೋಳು, ಮೆಣಸಿಗೆ ಜಾಗ ಇಲ್ಲ, ನಿಮ್ಮ ಗಣಪಂಗೆ ಮಾತ್ರ ಕಾರ್ನರ್ ಸೈಟು ಅಂತ."

ಮೂಡಲಪಾಳ್ಯದ ಆ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ತರಕಾರಿಯವರ, ಕೋಳಿ ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿಗಳು ಗೋಡೆಯುದ್ದಕ್ಕೂ ಪೇರಿಕೊಂಡಿದ್ದವು. ಇವತ್ತು ಬಾಗಿಲಲ್ಲಿ ನಿಂತವಳು ಸಂಪತ್ ಮಗಳು ಗಗನಾ. ಶಾಲೆಯಲ್ಲಿ ಪಾಠ ಮುಗಿಸಿ, ಲ್ಯಾಪ್‌ಟಾಪ್ ಚೀಲ ಹೆಗಲಲ್ಲಿಟ್ಟುಕೊಂಡೇ ಬಂದಿದ್ದಳು. ಬಂದಾಗಿನಿಂದ ರಾಗಿಣಿಯ ಮುಖ ನೋಡಿರಲಿಲ್ಲ.

ನೋಡದಿದ್ದರೆ ತಪ್ಪೇನು? ಅವಳ ಅಪ್ಪನ ಹೆಸರನ್ನು ಪೊಲೀಸರ ಕೈಗೆ ಕೊಟ್ಟವಳೇ ರಾಗಿಣಿ.

ವಿಜಯನಗರದಲ್ಲಿ ಮದುವೆ ಗಂಡುಗಳ ಪೂರ್ವಾಪರ ವಿಚಾರಿಸಿ ಬದುಕುವ ಈ ಪತ್ತೇದಾರಿಣಿಗೆ ರಾಜಾಜಿನಗರದ ಮುರಳೀಕೃಷ್ಣರು ಒಪ್ಪಿಸಿದ್ದು ಸಣ್ಣ ಕೆಲಸ: ಬೀರುವಿನಲ್ಲಿದ್ದ ಹಳೆಯ ಕಂಪ್ಯೂಟರ್ ಫ್ಲಾಪಿಯೊಂದು ಕಾಣೆಯಾಗಿದೆ, ಯಾರು ಕದ್ದರು ಹೇಳಿ. ಎದುರು ಮನೆಯ ಕ್ಯಾಮೆರಾದಲ್ಲಿ ಸಂಪತ್ ಆ ಗೇಟಿನ ಮುಂದೆ ಸುಮ್ಮನೆ ನಿಂತಿದ್ದು ಕಂಡಿತ್ತು. ಅವಳು ಹಿಂದೆ ಮುಂದೆ ನೋಡದೆ ಅದನ್ನೇ ವರದಿ ಮಾಡಿದ್ದಳು. ಮುರಳೀಕೃಷ್ಣರು ವರದಿಯನ್ನು ನೇರವಾಗಿ ಸ್ಟೇಷನ್ನಿಗೆ ಕೊಟ್ಟರು. ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರ್ ಈ ಅಂಗಡಿಗೆ ಬರುತ್ತಾರೆ.

ಬಾಯಿಂದ ಹೊರಟ ಮಾತು, ಕೈಯಿಂದ ಬಿಟ್ಟ ವರದಿ ಎರಡೂ ಒಂದೇ. ಹಿಂದಕ್ಕೆ ಬರುವುದಿಲ್ಲ.

"ಆ ಗೇಟಿನ ಮುಂದೆ ಯಾಕ್ ನಿಂತಿದ್ರಿ ಸಾರ್?" ಅವಳು ಮತ್ತೆ ಕೇಳಿದಳು.

"ಆ ಕಡೆ ತಕ್ಕಡಿ ರಿಪೇರಿಗೆ ಹೋದಾಗೆಲ್ಲ ನಿಂತ್ಕೋತೀನಿ. ಅಭ್ಯಾಸ."

"ಕಳ್ಳ ಅಂತ ಹೊರಗೆ ಹಾಕಿದ ಮನೆ ಮುಂದೆ ನಿಂತ್ಕೊಳೋ ಅಭ್ಯಾಸ!" ಗಗನಾ ಸಿಡುಕಿದಳು. "ಸ್ವಲ್ಪ ಸ್ವಾಭಿಮಾನ ಇಟ್ಕೋ ಅಪ್ಪ."

ಸಂಪತ್ ನಕ್ಕರು. ನಗುವಿನಲ್ಲಿ ಜೀವವಿರಲಿಲ್ಲ.

ಎಂಬತ್ತೊಂಬತ್ತರಲ್ಲಿ ಆ ಮನೆಯ ಮುಂದಿನ ಕೋಣೆಯೇ ಮುರಳೀಕೃಷ್ಣರ ಕಂಪನಿ. ಇಂಗ್ಲಿಷಿನಂತೆ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಬದಲಿಸುವ ಕಂಪೈಲರ್ ಒಂದನ್ನು ಅವರು ಕಟ್ಟುತ್ತಿದ್ದರು. ಹೆಸರು ಗರುಡ. ಕಟ್ಟುತ್ತಿದ್ದ ಹುಡುಗರು ಇಬ್ಬರು: ಸಂಪತ್ ಮತ್ತು ಆತ್ರೇಯ. ಆಬ್ಜೆಕ್ಟ್ ಎಂಬ ಹೊಸ ಪದ್ಧತಿ ಆಗಷ್ಟೇ ಸಣ್ಣ ಕಂಪ್ಯೂಟರ್‌ಗಳಿಗೆ ಬಂದಿತ್ತು. ಅದನ್ನು ಗರುಡಕ್ಕೆ ಕಲಿಸಿದ್ದು ತಾನು ಎಂದು ಇಬ್ಬರೂ ಹೇಳಿದರು. ಫ್ಲಾಪಿಯಲ್ಲಿ ಆತ್ರೇಯನ ಫೈಲಿನ ತಾರೀಖು ಮೊದಲಿತ್ತು, ಪಿತೃಪಕ್ಷದ್ದು; ಸಂಪತ್‌ರದು ಆಮೇಲಿನದು. ಮುರಳೀಕೃಷ್ಣರು ತಾರೀಖು ನೋಡಿದರು, ಸಂಪತ್‌ರನ್ನು ಮನೆಗೆ ಕಳಿಸಿದರು. ಕದ್ದವನು ಎಂಬ ಮಾತು ಊರಿಡೀ ಸುತ್ತಿತು. ಆಮೇಲೆ ಇನ್ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳಲಿಲ್ಲ.

"ಸಾರ್, ನಂಗೆ ಆಬ್ಜೆಕ್ಟು ಗೀಬ್ಜೆಕ್ಟು ಗೊತ್ತಾಗಲ್ಲ. ಪೆದ್ದಿಗೆ ಹೇಳೋ ಥರ ಹೇಳಿ."

ಸಂಪತ್ ಮುಂದಿದ್ದ ತಕ್ಕಡಿಯನ್ನು ತಟ್ಟಿದರು. "ಚಿನ್ನದಂಗಡಿ ತಕ್ಕಡಿ ಒಂಥರಾ ತೂಗುತ್ತೆ, ಈರುಳ್ಳಿ ತಕ್ಕಡಿ ಒಂಥರಾ. ಹಳೇ ಪದ್ಧತೀಲಿ ಯಾವ್ದನ್ನ ಹೆಂಗೆ ತೂಗ್ಬೇಕು ಅಂತ ಪ್ರತಿ ಸಲ ನೀವೇ ಹೇಳ್ಬೇಕಿತ್ತು. ಆಬ್ಜೆಕ್ಟ್ ಅಂದ್ರೆ ತಕ್ಕಡಿಗೇ ಅದು ಗೊತ್ತಿರುತ್ತೆ. ನೀವು 'ತೂಗು' ಅಂದ್ರೆ ಸಾಕು."

"ತಕ್ಕಡಿಗೆ ಹೇಗೆ ಗೊತ್ತಾಗುತ್ತೆ?"

"ಒಂದೊಂದು ಜಾತಿ ತಕ್ಕಡಿಗೂ ಕಂಪೈಲರ್ ಒಂದು ಕೋಷ್ಟಕ ಕಟ್ಟುತ್ತೆ. ಚೌಕಾಬಾರದ ಮನೆಗಳ ಥರ. ಒಂದೊಂದು ಮನೇಲಿ ಒಂದೊಂದು ಕೆಲಸದ ವಿಳಾಸ. ತೂಗೋದು ಎಲ್ಲಿದೆ, ಬೆಲೆ ಕಟ್ಟೋದು ಎಲ್ಲಿದೆ ಅಂತ."

ರಾಗಿಣಿ ಸ್ಕ್ರೂ ಡಬ್ಬಿಯನ್ನು ನೋಡಿದಳು. ಮತ್ತೆ ಅವರನ್ನು ನೋಡಿದಳು.

"ಆ ಕೋಷ್ಟಕದಲ್ಲೂ ಮೊದಲ ಮನೆ ಖಾಲಿ ಬಿಟ್ಟಿದ್ರಾ ಸಾರ್?"

ಸಂಪತ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೆಲ್ಲನೆ ಕೆಳಗಿಳಿಯಿತು.

"ಬಿಟ್ಟಿದ್ದೆ. ಎರಡು ಸೊನ್ನೆ."

"ಬೇರೆ ಯಾರಾದ್ರೂ ಹಾಗೆ ಬಿಡ್ತಾರಾ?"

"ಹುಚ್ಚು ಹಿಡಿದಿದ್ರೆ ಬಿಡ್ತಾರೆ. ಆಗಿನ ಮೆಷಿನ್‌ನಲ್ಲಿ ನೆನಪಿನ ಜಾಗ ಅಂದ್ರೆ ಒಂದೊಂದು ಬೈಟೂ ಚಿನ್ನ. ಕೆಲಸ ಇಲ್ಲದ ಮನೆ ಯಾರ್ ಕಟ್ತಾರೆ?"

"ಆತ್ರೇಯ ಅವರ ಹೆಸರಲ್ಲಿ ಮಾರಾಟವಾಯ್ತಲ್ಲ ಗರುಡ, ಅದ್ರಲ್ಲಿ?"

"ನಾನು ನೋಡಿಲ್ಲ."

"ಯಾವತ್ತೂ?"

"ಅದರ ಮುಖ ನೋಡಲ್ಲ ಅಂತ ಅವತ್ತೇ ಆಣೆ ಇಟ್ಕೊಂಡಿದ್ದೆ."

ಗಗನಾ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಹಳೆಯ ಸಾಫ್ಟ್‌ವೇರ್ ಕೂಡಿಡುವ ಹುಚ್ಚರು ಪ್ರಪಂಚದ ಮೂಲೆ ಮೂಲೆಯಲ್ಲೂ ಇದ್ದಾರೆ. ಅಂಥವರೊಬ್ಬರ ಅಂತರ್ಜಾಲದ ಕಪಾಟಿನಲ್ಲಿ ಗರುಡ ಸಿಕ್ಕಿತು. ಪಕ್ಕದ ಬೇಕರಿಯಿಂದ ಟೀ ಬರುವಷ್ಟರಲ್ಲಿ ಪರದೆ ನೀಲಿಯಾಗಿ, ಮಧ್ಯದಲ್ಲಿ ಚುಕ್ಕೆಗಳಿಂದ ಬಿಡಿಸಿದ ಗರುಡ ಪಕ್ಷಿ ಮೂಡಿತು. ಕೆಳಗೆ ಆತ್ರೇಯನ ಹೆಸರು.

"ಆಣೆ ಮುರೀ ಅಪ್ಪ. ಪಾಪ ನಂಗೆ ಬರ್ಲಿ."

ಸಂಪತ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೆರಳುಗಳು ಕೀಲಿಗಳ ಮೇಲೆ ಮೊದಲು ತಡವರಿಸಿದವು, ಆಮೇಲೆ ತಾವಾಗಿಯೇ ಓಡಿದವು. ಪುಟ್ಟ ಪ್ರೋಗ್ರಾಮ್ ಒಂದನ್ನು ಬರೆದರು. ಆಮೇಲೆ ಯಂತ್ರದ ಹೊಟ್ಟೆಯೊಳಗಿನ ಅಂಕಿಗಳನ್ನು ಬಿಚ್ಚಿ ತೋರಿಸುವ ಆದೇಶ ಕೊಟ್ಟರು. ಪರದೆಯ ತುಂಬ ಅಂಕಿ ಅಕ್ಷರಗಳು ಇರುವೆಯಂತೆ ಸಾಲುಗಟ್ಟಿದವು.

ಅವರ ಬೆರಳು ಸಾಲಿನ ಮೇಲೆ ಜಾರುತ್ತ ಹೋಗಿ ಒಂದು ಕಡೆ ನಿಂತಿತು.

ಸೊನ್ನೆ ಸೊನ್ನೆ. ಅದರಾಚೆಗೆ ಒಂದೊಂದೇ ವಿಳಾಸ, ಒತ್ತೊತ್ತಾಗಿ.

ಹೊರಗೆ ಯಾರೋ "ಅಣ್ಣ, ನಮ್ ತಕ್ಕಡಿ ರೆಡಿನಾ?" ಎಂದರು. ಉತ್ತರ ಬರದೆ ಹೊರಟುಹೋದರು.

"ನನ್ ಗಣಪ," ಎಂದರು ಸಂಪತ್ ಕೊನೆಗೆ. ದನಿ ಒಡೆದಿತ್ತು. "ಇಷ್ಟು ವರ್ಷ ಇಲ್ಲೇ ಕೂತಿದಾನೆ ನೋಡಮ್ಮ. ನಾನು ಒಂದ್ಸಲ ತೆಗೆದು ನೋಡಿದ್ರೆ ಸಾಕಿತ್ತು. ಒಂದೇ ಒಂದ್ಸಲ. ನಿಮ್ಮಮ್ಮ ಇರೋವಾಗ್ಲಾದ್ರೂ ನೋಡ್ಬೇಕಿತ್ತು."

ಗಗನಾ ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಮುಖ ಆಚೆ ತಿರುಗಿಸಿದಳು.

ರಾಗಿಣಿಗೆ ಇನ್ನೊಂದು ಮಾತು ಕೇಳಲೇಬೇಕಿತ್ತು. "ನೀವೇ ಮೊದಲು ಬರೆದಿದ್ರೆ ನಿಮ್ಮ ಫೈಲಿನ ತಾರೀಖು ಹಿಂದೆ ಯಾಕೆ ಬಿತ್ತು ಸಾರ್?"

"ಬರೆದಿದ್ದು ಪಿತೃಪಕ್ಷದಲ್ಲಿ. ಪಕ್ಷದಲ್ಲಿ ಹೊಸ ಕೆಲಸ ಶುರು ಮಾಡೋ ಹಾಗಿಲ್ಲವಲ್ಲ. ತಲೇಲಿ ಉಕ್ತಾ ಇತ್ತು, ತಡೆಯೋಕಾಗ್ಲಿಲ್ಲ. ಆಗಿನ ಮೆಷಿನ್‌ಗೆ ಸ್ವಂತ ಗಡಿಯಾರ ಎಲ್ಲಿತ್ತು? ಸ್ವಿಚ್ ಹಾಕಿದ ತಕ್ಷಣ ಅದೇ ಕೇಳೋದು, ಇವತ್ತು ಯಾವ ತಾರೀಖು ಅಂತ. ನಾವು ಏನ್ ಹೊಡೆದ್ರೂ ನಂಬೋದು. ನಾನು ಮುಂದೆ ಬರೋ ವಿಜಯದಶಮಿ ತಾರೀಖು ಹೊಡೆದೆ."

"ದೇವರಿಗೇ ಮೋಸ!" ಎಂದಳು ಗಗನಾ.

"ದೇವರಿಗಲ್ಲಮ್ಮ, ಅಮ್ಮಂಗೆ. ಅಮ್ಮ ಕೇಳಿದ್ರೆ, ವಿಜಯದಶಮಿ ದಿನಾನೇ ಶುರು ಮಾಡಿದ್ದು ಅಂತ ತೋರಿಸೋಣ ಅಂತ."

"ಮುರಳೀಕೃಷ್ಣರಿಗೆ ಇದನ್ನ ಹೇಳ್ಲಿಲ್ವಾ?" ಎಂದಳು ರಾಗಿಣಿ.

"ಹೇಳಿದೆ. ಎಂಜಿನಿಯರ್ ಆಗಿ ಹಿಂಗೆ ಕಾಗಕ್ಕ ಗುಬ್ಬಕ್ಕನ ಕತೆ ಕಟ್ತೀಯಲ್ಲೋ ಅಂದ್ರು."

*

ಬಸವೇಶ್ವರನಗರದ ತಮ್ಮ ಮನೆಯ ಹಾಲಿನಲ್ಲಿ ಆತ್ರೇಯ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದರು. ಭಾನುವಾರ ಒಂದು ಎಂಜಿನಿಯರಿಂಗ್ ಕಾಲೇಜಿನವರು ಹಳೆಯ ಕಂಪ್ಯೂಟರ್‌ಗಳ ಪ್ರದರ್ಶನ ಇಟ್ಟಿದ್ದರು. ಅಲ್ಲಿ ಗರುಡಕ್ಕೆ ಒಂದು ಗಾಜಿನ ಪೆಟ್ಟಿಗೆ, ಆತ್ರೇಯರಿಗೆ ಒಂದು ಶಾಲು. ಕಾಣೆಯಾದ ಫ್ಲಾಪಿ ಆ ಗಾಜಿನ ಪೆಟ್ಟಿಗೆಗೇ ಹೋಗಬೇಕಾಗಿದ್ದದ್ದು.

"ಬನ್ನಿಮ್ಮಾ ಪತ್ತೇದಾರಿ! ಸಿಕ್ತಾ ಫ್ಲಾಪಿ? ಅವನು ಬಾಯಿ ಬಿಟ್ನಾ?"

"ಯಾರು ಸಾರ್?"

"ಇನ್ಯಾರು, ಸಂಪತ್. ಹುಟ್ಟುಗುಣ ಸುಟ್ಟರೂ ಹೋಗಲ್ಲ."

ರಾಗಿಣಿ ಕೂತಳು. ಫೋನಿನಲ್ಲಿ ಮಗಳ ಸಂದೇಶ ಬಂತು: 'ಅಮ್ಮ, ದೋಸೆ ಹಿಟ್ಟು ಮರೀಬೇಡ. ನಿನ್ನೇನೂ ಮರೆತಿದ್ದೆ.' ಅವಳು ಫೋನನ್ನು ಮಗುಚಿಟ್ಟಳು.

"ಸಾರ್, ಫ್ಲಾಪಿ ವಿಷಯ ಆಮೇಲೆ. ನಂಗೊಂದು ಸಣ್ಣ ಡೌಟು. ಗರುಡ ಕಟ್ಟೋ ಕೋಷ್ಟಕದಲ್ಲಿ ಮೊದಲ ಮನೆ ಯಾಕೆ ಖಾಲಿ ಬಿಟ್ಟಿದೀರಿ?"

ಆತ್ರೇಯರ ನಗು ಮುಖದ ಮೇಲೆ ಹಾಗೇ ಉಳಿಯಿತು. ಆದರೆ ಕಣ್ಣಿನಿಂದ ಹೊರಟುಹೋಗಿತ್ತು.

"ಯಾರು ಹೇಳಿದ್ರು ನಿಮಗೆ ಅದನ್ನ?"

"ಯಾರೂ ಹೇಳ್ಲಿಲ್ಲ. ನೋಡಿದೆ."

"ಅದು... ಅಲೈನ್ಮೆಂಟ್‌ಗೆ. ಟೆಕ್ನಿಕಲ್ ವಿಷಯ. ಸಾಲು ಸರಿಯಾಗಿ ಕೂರ್ಬೇಕಲ್ಲ."

"ಒಂದೊಂದು ಮನೇನೂ ಎರಡು ಬೈಟು. ಖಾಲಿ ಬಿಟ್ಟಿದ್ದೂ ಎರಡೇ ಬೈಟು. ಬಿಟ್ರೂ ಅಷ್ಟೇ, ಬಿಡದಿದ್ರೂ ಅಷ್ಟೇ. ಸಾಲು ಎಲ್ಲಿ ಸರಿ ಆಯ್ತು ಸಾರ್?" ಗಗನಾ ಇದನ್ನು ಅಂಗಡಿ ಬಾಗಿಲಲ್ಲಿ ಮಗ್ಗಿ ಹೇಳಿಕೊಡುವಂತೆ ಹೇಳಿಕೊಟ್ಟಿದ್ದಳು.

"ಮುಂದೆ ಬೇಕಾಗಬಹುದು ಅಂತ ಇಟ್ಟಿದ್ದೆ."

"ಮೊದಲು ಅಲೈನ್ಮೆಂಟು, ಈಗ ಮುಂದಾಲೋಚನೆ. ಮೂರನೇದು ಯೋಚಿಸಿ ಹೇಳಿ ಸಾರ್, ಕಾಯ್ತೀನಿ."

ಒಳಗಿನಿಂದ ಕುಕ್ಕರ್ ಕೂಗಿತು. ಆತ್ರೇಯ ಬೆಚ್ಚಿದರು.

"ಅದು ಗಣಪನ ಮನೆ ಸಾರ್," ಎಂದಳು ರಾಗಿಣಿ ಮೆಲ್ಲಗೆ. "ಸಂಪತ್ ಮನೆ ಸಾಸಿವೆ ಡಬ್ಬೀಲೂ ಇದೆ, ಸ್ಕ್ರೂ ಡಬ್ಬೀಲೂ ಇದೆ. ನಿಮ್ಮ ಗರುಡದಲ್ಲಿ ಹೇಗೆ ಬಂತು?"

ಆತ್ರೇಯ ಕುರ್ಚಿ ಹುಡುಕಿಕೊಂಡು ಕೂತರು. ಅಭ್ಯಾಸ ಮಾಡಿದ್ದ ಭಾಷಣದ ದನಿ ಎಲ್ಲೋ ಕಳಚಿಬಿತ್ತು. ಉಳಿದಿದ್ದು ಬರೀ ಒಬ್ಬ ಮುದುಕನ ದನಿ.

"ಗಣಪನ ಮನೆಯಾ," ಎಂದರು. "ದೇವರೇ. ನಂಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ ನೋಡಮ್ಮ. ಒಂದ್ಸಲ ಅದನ್ನ ತೆಗೆಯೋಕೆ ಹೋದೆ. ತೆಗೆದ್ರೆ ಎಲ್ಲಾ ಮನೆ ಲೆಕ್ಕಾನೂ ಒಂದೊಂದು ತಪ್ತಿತ್ತು, ಮೆಷಿನ್ ನಿಂತೇ ಹೋಗ್ತಿತ್ತು. ಯಾಕಿದೆ ಅಂತ ತಿಳೀದೆ ಕೈ ಹಾಕೋಕೆ ಭಯ ಆಯ್ತು. ಯಾರನ್ನ ಕೇಳ್ಲಿ? ಗೊತ್ತಿದ್ದೋನನ್ನ ಆಚೆಗೆ ಕಳಿಸಿ ಆಗಿತ್ತು."

"ಅಂದ್ರೆ ಕದ್ದಿದ್ದು ನೀವು."

"ಅವನ ಫ್ಲಾಪಿ ನನ್ನ ಮೇಜಿನ ಮೇಲೆ ಮರೆತು ಹೋಗಿದ್ದ. ಕಾಪಿ ಮಾಡ್ಕೊಂಡೆ. ತಮಾಷೆಗೆ ಅಂತಾನೇ ಶುರುವಾಗಿದ್ದು. ಆಮೇಲೆ ಮುರಳಿ ಸಾರ್ ಅದನ್ನ ನೋಡಿ 'ಭೇಷ್ ಆತ್ರೇಯ' ಅಂದ್ಬಿಟ್ರು. ಅವರ ಬಾಯಲ್ಲಿ ಭೇಷ್ ಅನ್ನೋದು ನಾನು ಕೇಳಿದ್ದೇ ಅವತ್ತು. ಅಲ್ಲ ಸಾರ್, ಅದು ಸಂಪತ್‌ದು ಅನ್ನೋಕೆ ನಾಲಿಗೆ ಏಳ್ಲಿಲ್ಲ." ಅವರು ಅಂಗೈಯಲ್ಲಿ ಮುಖ ಉಜ್ಜಿಕೊಂಡರು. "ಅವನ ಮದುವೆಗೆ ಕರೆದಿದ್ದ ಗೊತ್ತಾ? ಅಷ್ಟೆಲ್ಲಾ ಆದ ಮೇಲೂ. ನಾನು ಹೋಗ್ಲಿಲ್ಲ."

ರಾಗಿಣಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಮುರಳೀಕೃಷ್ಣರು ತಾರೀಖನ್ನು ಹಿಡಿದು ಒಬ್ಬನ ಬಾಳು ಕೆಡಿಸಿದರು, ತಾನು ಕ್ಯಾಮೆರಾ ಹಿಡಿದು ಅದೇ ಮನುಷ್ಯನನ್ನು ಜೈಲಿನ ಬಾಗಿಲಿಗೆ ತಂದಳು. ಇಬ್ಬರೂ ಯಂತ್ರ ಹೇಳಿದ್ದನ್ನು ನಂಬಿದರು, ಮನುಷ್ಯನನ್ನು ಕೇಳಲಿಲ್ಲ.

"ಫ್ಲಾಪಿ ಕೊಡಿ ಸಾರ್. ಪ್ರದರ್ಶನದಲ್ಲಿ ಯಾರಾದ್ರೂ ಅದನ್ನ ಬಿಚ್ಚಿ ನೋಡ್ತಾರೆ ಅಂತ ತಾನೇ ಎತ್ತಿಟ್ಟಿದ್ದು? ಸಂಪತ್ ನಾಳೆ ಒಳಗೆ ಹೋಗ್ತಾರೆ."

"ನನ್ನ ಹತ್ರ ಇಲ್ಲ."

"ಸಾರ್..."

"ನನ್ನ ಮೊಮ್ಮಗಳಾಣೆ ಇಲ್ಲಮ್ಮ! ಅದನ್ನ ಕದ್ದು ನಂಗೇನಾಗ್ಬೇಕು? ನನ್ನನ್ನ ಕಾಪಾಡಿದ್ದೇ ಆ ಫ್ಲಾಪಿ. ಅದರ ಮೇಲಿದ್ದ ತಾರೀಖು."

"ಆ ತಾರೀಖು ನೀವು ಸುಳ್ಳು ಹೊಡೆದಿದ್ದು."

ಆತ್ರೇಯ ತಲೆಯಾಡಿಸಿದರು. ಎದ್ದು ಹೋಗಿ ಹಾಲಿನ ಬಾಗಿಲು ಮುಂದಕ್ಕೆ ತಳ್ಳಿ ಬಂದರು, ಅಡುಗೆಮನೆಗೆ ಕೇಳಬಾರದೆಂಬಂತೆ.

"ನಾನು ಜನ್ಮದಲ್ಲಿ ತಾರೀಖು ಹೊಡೆದೋನಲ್ಲ. ಮೆಷಿನ್ ಕೇಳ್ತಿತ್ತು, ನಾನು ಸುಮ್ನೆ ಎಂಟರ್ ಒತ್ತಿ ಮುಂದಕ್ಕೆ ಹೋಗ್ತಿದ್ದೆ. ಹಂಗೆ ಒತ್ತಿದ್ರೆ ಅದು ತಾನೇ ಒಂದು ತಾರೀಖು ಹಾಕ್ಕೊಳ್ಳುತ್ತೆ, ಎಂಬತ್ತನೇ ಇಸವಿ ಜನವರಿ ಒಂದು. ನನ್ನ ಎಲ್ಲಾ ಫೈಲೂ ಅದೇ, ಸಾಕ್ಷಿಗೆ ಯಾವ ಬೆಲೆಯೂ ಇಲ್ಲ. ಆಫೀಸಲ್ಲಿ ನನ್ನನ್ನ 'ಜನವರಿ ಒಂದು' ಅಂತಾನೇ ರೇಗಿಸ್ತಿದ್ರು. ಸಂಪತ್ತೇ ಇಟ್ಟ ಹೆಸರು."

"ಹಾಗಾದ್ರೆ ಪಕ್ಷದ ತಾರೀಖು?"

"ತೀರ್ಮಾನದ ಹಿಂದಿನ ಸಾಯಂಕಾಲ ಮುರಳಿ ಸಾರ್‌ಗೆ ಫ್ಲಾಪಿ ಕೊಟ್ಟಾಗ ಅದರ ಮೇಲೆ ಜನವರಿ ಒಂದೇ ಇತ್ತು. ಬೀರುವಲ್ಲಿಟ್ಟು ಬೀಗ ಹಾಕಿದ್ರು. ಬೆಳಿಗ್ಗೆ ಎಲ್ಲರ ಮುಂದೆ ತೆಗೆದಾಗ ಪಕ್ಷದ ತಾರೀಖಾಗಿತ್ತು. ನನ್ನ ಎದೆ ಒಡೆದುಹೋಯ್ತು. ಆದ್ರೆ ನನ್ನ ಕಡೆಗೇ ವಾಲಿದ ತಕ್ಕಡಿ, ನಾನ್ಯಾಕೆ ಬಾಯಿ ಬಿಡ್ಲಿ?"

"ಬೀರು ಕೀ ಯಾರ ಹತ್ರ ಇರ್ತಿತ್ತು?"

"ಮುರಳಿ ಸಾರ್ ಕೀ ಇಟ್ಕೊಳೋ ಮನುಷ್ಯರಲ್ಲ. ಗೊಂಚಲು ಯಾವಾಗ್ಲೂ ಪುಟ್ಟಲಕ್ಷ್ಮಮ್ಮನ ಸೊಂಟದಲ್ಲೇ." ಆತ್ರೇಯ ದನಿ ಇನ್ನೂ ತಗ್ಗಿಸಿದರು. "ಅವರ ಮನೆಯವರು. ಕಂಪನಿ ಲೆಕ್ಕ ಎಲ್ಲಾ ಅವರೇ ಟೈಪ್ ಮಾಡ್ತಿದ್ರು. ಮೆಷಿನ್ ಚೆನ್ನಾಗಿ ಗೊತ್ತಿತ್ತು ಅವರಿಗೆ."

ಪುಟ್ಟಲಕ್ಷ್ಮಮ್ಮ. ರಾಗಿಣಿ ಹೋದಾಗಲೆಲ್ಲ ಕಾಫಿ ತಂದಿಟ್ಟು, ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದ ತೆಳ್ಳನೆಯ ಮುದುಕಿ. ಆಕೆಯನ್ನು ತಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ರಾಗಿಣಿಗೆ ಈಗ ಹೊಳೆಯಿತು.

"ಸಾರ್, 'ಜನವರಿ ಒಂದು' ಅನ್ನೋ ಹೆಸರು ಇಟ್ಟಿದ್ದೇ ಸಂಪತ್. ಹಾಗಿದ್ರೆ ಆ ತಾರೀಖು ನಿಮ್ದಲ್ಲ ಅಂತ ಅವರಿಗೆ ನೋಡಿದ ತಕ್ಷಣ ಗೊತ್ತಾಗಿರ್ಬೇಕಲ್ಲ?"

"ಗೊತ್ತಾಗದೆ ಏನು?" ಆತ್ರೇಯ ಕಿಟಕಿಯಾಚೆ ನೋಡಿದರು. "ಫ್ಲಾಪಿ ನೋಡ್ದ. ಆಮೇಲೆ ತಲೆ ಎತ್ತಿ ಒಳಮನೆ ಬಾಗಿಲ ಕಡೆ ನೋಡ್ದ. ಅಷ್ಟೇ. ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಹೊರಟ. ಅದೇ ನೋಟ ನಂಗೆ ಇವತ್ತಿಗೂ ನಿದ್ದೇಲಿ ಬರುತ್ತೆ."

*

ರಾಗಿಣಿ ಸ್ಕೂಟರ್ ಸ್ಟಾಂಡ್ ತೆಗೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಗಗನಾ.

"ಒಳ್ಳೇ ಸುದ್ದಿ ಇದೆ ಗಗನಾ. ಆತ್ರೇಯ ಒಪ್ಕೊಂಡ್ರು. ಗರುಡ ನಿಮ್ಮಪ್ಪಂದೇ. ಭಾನುವಾರ ಎಲ್ಲರ ಮುಂದೆ ಹೇಳಿಸೋಣ."





"ಅಪ್ಪ ಸ್ಟೇಷನ್ನಿಗೆ ಹೋಗಿದಾರೆ ಮೇಡಂ. ಈಗ ಅಲ್ಲಿಂದ ಫೋನ್ ಬಂತು. ಫ್ಲಾಪಿ ಕದ್ದಿದ್ದು ನಾನೇ, ಮುರಿದು ಮೋರಿಗೆ ಎಸೆದೆ ಅಂತ ಒಪ್ಕೊಂಡಿದಾರಂತೆ. ಪೊಲೀಸರು ಹೇಳಿಕೆ ಟೈಪ್ ಮಾಡ್ತಾ ಇದಾರಂತೆ. ಸಹಿ ಒಂದು ಬಾಕಿ."

ಹಾವನೂರು ಸರ್ಕಲ್ ಕಡೆಯಿಂದ ಬರುತ್ತಿದ್ದ ಬಸ್ಸೊಂದು ಹಾರನ್ ಹೊಡೆಯುತ್ತ ಹಾದುಹೋಯಿತು. ರಾಗಿಣಿ ಕಿವಿಗೆ ಫೋನನ್ನು ಒತ್ತಿ ಹಿಡಿದಳು.

"ಯಾಕೆ? ಏನಾಯ್ತು? ನಾನು ಹೊರಟಾಗ ಚೆನ್ನಾಗೇ ಇದ್ರಲ್ಲ!"

"ನೀವು ಹೋದ ಮೇಲೆ ಒಂದೇ ಮಾತು ಕೇಳಿದ್ರು. ಬೀರು ಬೀಗ ಒಡೆದಿತ್ತಾ ಅಂತ. ಇಲ್ಲವಂತೆ, ಹಾಕಿದ ಹಾಗೇ ಇತ್ತಂತೆ ಅಂದೆ. ಶರ್ಟ್ ಹಾಕ್ಕೊಂಡ್ರು. ಗಿರಾಕಿ ತಕ್ಕಡಿ ಕೊಟ್ಟು ಬರ್ತೀನಿ ಅಂದ್ರು." ಗಗನಾಳ ದನಿ ಅಳುವಿಗೆ ತಿರುಗಿತು. "ಸ್ಟೇಷನ್ನಲ್ಲಿ ಒಂದೇ ಷರತ್ತಂತೆ ಮೇಡಂ. ಇನ್ಮೇಲೆ ಆ ಮನೆ ಬಾಗಿಲಿಗೆ ಯಾರೂ ಹೋಗ್ಬಾರ್ದು, ಯಾರನ್ನೂ ಏನೂ ಕೇಳ್ಬಾರ್ದು. ಇವತ್ತು ತಾನೇ ಹೆಸರು ವಾಪಸ್ ಸಿಕ್ಕಿತ್ತು ಅಪ್ಪಂಗೆ. ಒಂದು ಸಾಯಂಕಾಲಾನೂ ಇಟ್ಕೊಳ್ಲಿಲ್ಲ."

"ಸಹಿ ಹಾಕೋಕೆ ಬಿಡ್ಬೇಡ. ಓಡು. ಎದೆ ನೋವು ಅಂತ ಬೇಕಾದ್ರೆ ಬಿದ್ಬಿಡು ಅಲ್ಲಿ. ನಾನು ಬಂದೆ."

ಆದರೆ ರಾಗಿಣಿ ಹೊರಡಲಿಲ್ಲ. ಬೀಗ ಒಡೆಯದೆ ಆ ಬೀರು ತೆಗೆಯಬಲ್ಲ ಕೀ ಗೊಂಚಲು ಇದ್ದದ್ದು ಒಂದೇ ಸೊಂಟದಲ್ಲಿ. ನಿಂತಲ್ಲೇ ಮುರಳೀಕೃಷ್ಣರ ಮನೆಯ ಲ್ಯಾಂಡ್‌ಲೈನ್‌ಗೆ ಕರೆ ಮಾಡಿದಳು. ತುಂಬ ಹೊತ್ತು ಬಡಿದ ಮೇಲೆ ಯಾರೋ ಎತ್ತಿಕೊಂಡರು.

"ಹಲೋ?" ತೆಳುವಾದ, ಮುದಿ ಹೆಣ್ಣು ದನಿ.

"ಪುಟ್ಟಲಕ್ಷ್ಮಮ್ಮಾ, ನಾನು ರಾಗಿಣಿ. ಸಂಪತ್ ಸ್ಟೇಷನ್ನಲ್ಲಿದಾರೆ. ತಾನೇ ಕದ್ದೆ ಅಂತ ಒಪ್ಕೊಂಡುಬಿಟ್ರು."

ಆ ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ಇಲ್ಲಿಯವರೆಗೂ ಕೇಳಿಸುತ್ತಿತ್ತು.

"ಅಯ್ಯೋ ಪೆದ್ದ," ಎಂದರು ಪುಟ್ಟಲಕ್ಷ್ಮಮ್ಮ. ಬೈಗುಳದಂತಿರಲಿಲ್ಲ ಆ ಮಾತು. "ಅವತ್ತೂ ಹೀಗೇ ಮಾಡ್ದ ಕಣಮ್ಮ. ತಾರೀಖು ತಿದ್ದಿದ್ದು ನಾನು ಅಂತ ಗೊತ್ತಿದ್ದೂ ತನ್ನ ತಲೆ ಮೇಲೇ ಹೊತ್ಕೊಂಡು ಹೊರಟ. ನಾನು ಬಾಗಿಲ ಹಿಂದೇನೇ ನಿಂತಿದ್ದೆ."

"ಅಮ್ಮಾ, ಈಗ ನೀವೊಂದು ಮಾತು ಹೇಳಿದ್ರೆ ಅವರು ಉಳ್ಕೋತಾರೆ. ಒಂದೇ ಮಾತು. ಯಾಕೆ ಆ ತಾರೀಖು ತಿದ್ದಿದ್ರಿ, ಆ ಫ್ಲಾಪಿ ಯಾಕೆ..."

ದೂರದಿಂದ ಮುರಳೀಕೃಷ್ಣರ ಗಡಸು ದನಿ ಕೇಳಿಸಿತು. "ಯಾರೇ ಅದು ಫೋನಲ್ಲಿ? ಪೊಲೀಸಿನವರಾ?"



"ರಾಂಗ್ ನಂಬರ್ ರೀ," ಎಂದರು ಪುಟ್ಟಲಕ್ಷ್ಮಮ್ಮ, ಮತ್ತು ಫೋನ್ ಇಟ್ಟರು.